ಜಿಪ್ಸಂ ಬೀಸಲು 2 ಎಚ್‌ಪಿ ಪಲ್ವರೈಸರ್: ಯಂತ್ರ ಪಾಸು, ಜಾಲಿ ಫೇಲು

ಮೆಣಸಿನಪುಡಿ, ಅರಿಶಿನ, ಸಾರಿನಪುಡಿ ಮಾಡೋಕೆ ಅಂತ ಬೆಂಗಳೂರಿನ ಎಸ್.ಪಿ. ರೋಡಿನ ಸುತ್ತಮುತ್ತ, ಪೀಣ್ಯದ ಕಡೆ ಮಾರುವ ಸಿಂಗಲ್ ಫೇಸ್ ಪಲ್ವರೈಸರ್ ಎಲ್ಲರೂ ನೋಡಿರುವಂಥದ್ದೇ. ದುಂಡನೆಯ ಸ್ಟೀಲ್ ಡಬ್ಬಿ, ಅದರೊಳಗೆ ತಿರುಗುತ್ತಾ ಹೊಡೆಯುವ ಬೀಟರ್ ಮತ್ತು ಪುಡಿ ಸೋಸುವ ತೂತಿನ ತಗಡು ಅಂದರೆ ಜಾಲಿ, ಮೇಲೆ ಸರಕು ಸುರಿಯೋಕೊಂದು ಹಾಪರ್, ಪಕ್ಕದಲ್ಲಿ ಮೋಟಾರು, ಕೆಳಗೆ ಬಟ್ಟೆ ಚೀಲ. ಇದೇ ಯಂತ್ರದಲ್ಲಿ ಜಿಪ್ಸಂ ಕಲ್ಲು ಬೀಸಿ, ಗೋಡೆಯ ಉಬ್ಬುಶಿಲ್ಪ, ಚಾವಣಿಯ ಹೂವು, ಕಾರ್ನಿಸ್, ಸಣ್ಣ ಗೊಂಬೆಗಳಿಗೆ ಬೇಕಾದ ನುಣ್ಣನೆ ಪುಡಿ ಮಾಡಿಕೊಳ್ಳಬಹುದಾ ಅನ್ನೋದು ಇಲ್ಲಿನ ಪ್ರಶ್ನೆ. ಇದು ಒಂದೇ ಕಂಪನಿಯ ಮಾಲಲ್ಲ, ಹಲವರು ಹೆಚ್ಚುಕಮ್ಮಿ ಒಂದೇ ನಕ್ಷೆಯಲ್ಲಿ ಮಾಡ್ತಾರೆ. ಹಾಗಾಗಿ ಬ್ರ್ಯಾಂಡ್ ಪಕ್ಕಕ್ಕಿಟ್ಟು ನಕ್ಷೆಯ ಗುಣದೋಷ ಮಾತ್ರ ನೋಡೋಣ.

ಮೊದಲೇ ಹೇಳಿಬಿಡ್ತೀವಿ. 100 ಮೆಶ್‌ವರೆಗಿನ ಪುಡಿಗೆ ಯಂತ್ರ ಚೆನ್ನಾಗಿದೆ (ಮೆಶ್ ಅಂದರೆ ಜರಡಿಯ ಒಂದು ಅಂಗುಲದಲ್ಲಿರುವ ತೂತುಗಳ ಲೆಕ್ಕ, ಅಂಕಿ ದೊಡ್ಡದಾದಷ್ಟೂ ಪುಡಿ ನಯ). 200 ಮೆಶ್ ಬೇಕು ಅಂದರೆ ಅರ್ಧ ಕೆಲಸ ಯಂತ್ರದ್ದು, ಉಳಿದರ್ಧ ಜರಡಿಯದ್ದು. ಆದರೆ ಈ ಯಂತ್ರ ಬಳಸುವವರ ಎರಕ ಕೆಡೋದು ಸಾಮಾನ್ಯವಾಗಿ ಪುಡಿ ದಪ್ಪ ಇತ್ತು ಅಂತಲ್ಲ. ಯಂತ್ರದ ಮೂಲೆಯಲ್ಲಿ, ಚೀಲದ ಮಡಿಕೆಯಲ್ಲಿ ಉಳಿದ ಹಸಿ ಪುಡಿ (ಒದ್ದೆಯದ್ದಲ್ಲ, ಹುರಿಯದೇ ಇರೋದು) ಹುರಿದ ಪುಡಿಗೆ, ಅಂದರೆ ಪ್ಲಾಸ್ಟರಿಗೆ ಸೇರಿಕೊಳ್ಳೋದರಿಂದ. ಅದನ್ನ ಮುಂದೆ ವಿವರವಾಗಿ ನೋಡೋಣ.

ಚೀಲದಲ್ಲಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್, ಹುರಿದ ಜಿಪ್ಸಂ ಪುಡಿ) ಸಿಗುವಾಗ ಬೀಸುವ ಉಸಾಬರಿ ಯಾಕೆ ಅಂತ ಕೇಳುವವರಿದ್ದಾರೆ. ಫಾಲ್ಸ್ ಸೀಲಿಂಗಿಗೇ ಆದರೆ ಬೇಡ, ಚೀಲ ತಗೊಳ್ಳಿ. ಶಿಲ್ಪದ ಕೆಲಸಕ್ಕೆ ಮೂರು ಕಾರಣಕ್ಕೆ ಬೀಸುವ ಯಂತ್ರ ಬೇಕಾಗುತ್ತೆ. ಒಂದು, ಹುರಿಯದ ಹಸಿ ಜಿಪ್ಸಂ ಪುಡಿ: ಮರದ ಕೆತ್ತನೆಗೆ, ಚಿತ್ರದ ಹಲಗೆಗೆ ಅಂಟಿನ ಜೊತೆ ಬಳಿಯುವ ಗೆಸ್ಸೊಗೆ, ಬಣ್ಣಕ್ಕೆ ಮೈ ಕೊಡೋಕೆ. ಎರಡು, ಎಷ್ಟು ಹಳೇದು, ಒಳಗೇನು ಬೆರೆಸಿದ್ದಾರೆ ಅಂತ ಗೊತ್ತಿಲ್ಲದ ಚೀಲದ ಬದಲು ಗುಣ ಗೊತ್ತಿರುವ ತಾಜಾ ಪ್ಲಾಸ್ಟರ್. ಮೂರು, ಒಡೆದ ಎರಕ ಮತ್ತು ಹಳೆ ಅಚ್ಚುಗಳ ಮರುಬಳಕೆ. ಗಟ್ಟಿಯಾದ ಪಿಒಪಿ ಅಂದರೆ ರಾಸಾಯನಿಕವಾಗಿ ಮತ್ತೆ ಜಿಪ್ಸಂ ಕಲ್ಲೇ. ಬಣ್ಣ, ನಾರು, ಫೆವಿಕಾಲ್ ತಾಗದ ಚೂರುಗಳನ್ನ ಬೀಸಿ ಹುರಿದರೆ ಮತ್ತೆ ಎರಕಕ್ಕೆ ಬರುತ್ತೆ. ಎರಡನೇ ಸಲದ ಪುಡಿ ಹೆಚ್ಚು ನೀರು ಕುಡಿಯುತ್ತೆ, ಗಟ್ಟಿ ಸ್ವಲ್ಪ ಕಮ್ಮಿ. ಮುಖ್ಯ ಶಿಲ್ಪಕ್ಕೆ ಬೇಡ, ಹಿಂಬದಿ ತುಂಬೋಕೆ ಸಾಕು.

ಗಣೇಶನ ಮೂರ್ತಿಗೆ ಅಂತ ಇದನ್ನ ಓದುತ್ತಿದ್ದರೆ ಇಲ್ಲೇ ನಿಲ್ಲಿಸಿ. ಪಿಒಪಿ ಗಣೇಶನಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಷೇಧ ಇದೆ, ಕೇಂದ್ರ ಮಂಡಳಿಯ 2020ರ ವಿಸರ್ಜನೆ ಮಾರ್ಗಸೂಚಿಯೂ ಅದನ್ನೇ ಹೇಳುತ್ತೆ. ಗಣಪನಿಗೆ ಜೇಡಿಮಣ್ಣೇ ಸರಿ. ಗೋಪುರದ ಗಾರೆ ಗೊಂಬೆಗೂ ಇದು ಆಗಿಬರಲ್ಲ. ಅದು ಸುಣ್ಣದ ಕೆಲಸ. ಒಂದು ಲೀಟರ್ ನೀರಿನಲ್ಲಿ 2 ಗ್ರಾಂಗಿಂತ ಹೆಚ್ಚು ಜಿಪ್ಸಂ ಕರಗುತ್ತೆ, ಹೊರಗೆ ಮಳೆಗೆ ಬಿಟ್ಟರೆ ನಾಲ್ಕು ಮಳೆಗಾಲದಲ್ಲಿ ಮೂಗು ಕಣ್ಣು ಮಾಸಿಹೋಗುತ್ತೆ.

ಕಲ್ಲು

ದೇಶದ ಜಿಪ್ಸಂ ಬಹುಪಾಲು ರಾಜಸ್ಥಾನದ್ದು: ಬಿಕಾನೇರ್, ನಾಗೌರ್, ಜೈಸಲ್ಮೇರ್, ಬಾಡ್ಮೇರ್ ಕಡೆಯದ್ದು. ತಮಿಳುನಾಡಿನಲ್ಲೂ ಸ್ವಲ್ಪ ಸಿಗುತ್ತೆ. ಗೊಬ್ಬರದಂಗಡಿಯಲ್ಲಿ ಕಡಲೆಕಾಯಿ ಹೊಲಕ್ಕೆ, ಚೌಳು ಮಣ್ಣಿಗೆ ಅಂತ ಮಾರುವ ಕೃಷಿ ಜಿಪ್ಸಂ ಅಗ್ಗ ನಿಜ, ಆದರೆ ಮಣ್ಣು ಮರಳು ಸೇರಿ ಬೂದುಬಣ್ಣಕ್ಕಿರುತ್ತೆ. ಶಿಲ್ಪಕ್ಕೆ ತರಬೇಡಿ. ಗೊಬ್ಬರ ಕಾರ್ಖಾನೆಯ ಉಪ ಉತ್ಪನ್ನವಾದ ಫಾಸ್ಫೋಜಿಪ್ಸಂ ಕೂಡ ಬೇಡ, ಅದರಲ್ಲಿ ಉಳಿದ ಆಮ್ಲ ಮತ್ತು ಫ್ಲೋರೈಡು ಗಟ್ಟಿಯಾಗುವ ಲೆಕ್ಕಾಚಾರವನ್ನೇ ಕೆಡಿಸುತ್ತೆ. ಗ್ರಂಧಿಗೆ ಅಂಗಡಿಯಲ್ಲಿ ಗೋದಂತಿ ಅಂತ ಸಿಗುವ ಪದರಪದರದ ಹೊಳೆಯುವ ಕಲ್ಲು ಕೂಡ ಜಿಪ್ಸಮ್ಮೇ. ಔಷಧದ ಬೆಲೆಗೆ ಅದನ್ನ ಕಿಲೋಗಟ್ಟಲೆ ತರೋರು ಯಾರೂ ಇರಲ್ಲ, ಆದರೆ ಶುದ್ಧ ಜಿಪ್ಸಂ ಹೇಗಿರುತ್ತೆ ಅಂತ ನೋಡೋಕೆ ಒಂದು ತುಂಡು ಇಟ್ಟುಕೊಂಡರೆ ನಷ್ಟವಿಲ್ಲ.

ಕಲ್ಲು ಜಿಪ್ಸಮ್ಮೇ ಹೌದಾ ಅಂತ ನೋಡೋಕೆ ಉಗುರು ಮತ್ತು ನಿಂಬೆಹಣ್ಣು ಸಾಕು. ಜಿಪ್ಸಂ ಗಡಸುತನದ ಮೋಸ್ ಅಳತೆಯಲ್ಲಿ 2, ಉಗುರಲ್ಲಿ ಗೀರಿದರೆ ಗೆರೆ ಬೀಳುತ್ತೆ. ಸುಣ್ಣಕಲ್ಲಿನ ಮೇಲೆ ಬೀಳಲ್ಲ. ಪುಡಿಯ ರೂಪದಲ್ಲಿ ಬಂದಿದ್ದರೆ ನಿಂಬೆರಸ ಹಿಂಡಿ ನೋಡಿ. ಬುರಬುರ ನೊರೆ ಬಂದರೆ ಸೀಮೆಸುಣ್ಣವೋ ಸುಣ್ಣಕಲ್ಲಿನ ಪುಡಿಯೋ ಬೆರೆತಿದೆ ಅಂತ ಅರ್ಥ. ಜಿಪ್ಸಂಗೆ ನೊರೆ ಬರಲ್ಲ. ಡೋಲೊಮೈಟಿನ ರಂಗೋಲಿ ಪುಡಿ ಬೆರೆಸಿದ್ದರೆ ನಿಂಬೆಗೆ ಅಷ್ಟಾಗಿ ನೊರೆ ಬರದೆ ಮೋಸ ಹೋಗಬಹುದು. ಸ್ವಲ್ಪ ಬಿಸಿ ಮಾಡಿದ ವಿನೆಗರ್ ಹಾಕಿದರೆ ಅದೂ ಸಿಕ್ಕಿಬೀಳುತ್ತೆ.

ಈಗ ಒಳಗೆ ಹಾಕುವ ಮುಂಚಿನ ಕೆಲಸ. ಮಾರುವವರು "ಕಲ್ಲು ಹಾಗೇ ಹಾಕಿ ಸರ್, ಏನೂ ಆಗಲ್ಲ" ಅಂತಾರೆ. ಆಗುತ್ತೆ. ಈ ಗಾತ್ರದ ಯಂತ್ರದ ಬಾಯಿ ಅರಿಶಿನದ ಕೊಂಬಿಗೆ ಅಂತ ಮಾಡಿದ್ದು. ಕಲ್ಲಿನ ಚೂರು ಕಡಲೆಬೇಳೆಯಿಂದ ಗೋಲಿಯ ಗಾತ್ರದೊಳಗೆ ಇರಬೇಕು. ಗೋಣಿಚೀಲದಲ್ಲಿ ಹಾಕಿ ಮೇಲಿಂದ ಸುತ್ತಿಗೆಯಲ್ಲಿ ಜಜ್ಜಿದರೆ ಚೂರು ಸಿಡಿಯಲ್ಲ. ಜಿಪ್ಸಂ ಮೆತ್ತನೆ ಕಲ್ಲು, 10 ಕಿಲೋ ಜಜ್ಜೋಕೆ ಹೆಚ್ಚು ಹೊತ್ತು ಬೇಡ. ಗೋಣಿನಾರು ಸೇರದಂತೆ ನೋಡಿಕೊಳ್ಳಿ, ಆಮೇಲೆ ಎರಕದ ಮೈಮೇಲೆ ಕೂದಲಿನ ಹಾಗೆ ಎದ್ದು ಕಾಣುತ್ತೆ.

ಜಜ್ಜಿದ ಚೂರು ಒಣಗಿರಬೇಕು. ಗಣಿಯಿಂದ ಬಂದ ಕಲ್ಲಿನಲ್ಲಿ ಮೇಲ್ಮೈ ತೇವ ಇರುತ್ತೆ, ಅದು ಹರಳಿನೊಳಗಿನ ನೀರಲ್ಲ. ಬಿಸಿಲಲ್ಲಿ ಒಂದು ದಿನ ಹರಡಿ, ಇಲ್ಲವೇ 45 ಡಿಗ್ರಿಯಲ್ಲಿ ಒಣಗಿಸಿ. ಅದಕ್ಕಿಂತ ಹೆಚ್ಚು ಬಿಸಿ ಕೊಟ್ಟರೆ ಹರಳಿನ ನೀರೇ ಹೋಗೋಕೆ ಶುರುವಾಗುತ್ತೆ. ತೇವದ ಕಲ್ಲು ಹಾಕಿದರೆ ಏನಾಗುತ್ತೆ ಅಂತ ನೋಡಬೇಕಾದರೆ ಜಾಲಿ ಬಿಚ್ಚಿ ನೋಡಿ: ತೂತುಗಳ ಮೇಲೆ ದೋಸೆ ಹಿಟ್ಟು ಬಳಿದಂತೆ ಪದರ ಕೂತಿರುತ್ತೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಲ್ಲಿ ಇದು ನಿತ್ಯದ ಗೋಳು.

ಜಾಲಿ, ಬೀಟರ್, ಚೀಲ

ಮೋಟಾರು 2 ಎಚ್‌ಪಿ, ಅಂದರೆ 1.5 ಕಿಲೋವ್ಯಾಟ್. ನೇರ ಜೋಡಣೆಯಲ್ಲಿ ತಿರುಗೋದು ನಿಮಿಷಕ್ಕೆ 2880 ಸುತ್ತಿನ ಆಸುಪಾಸು. ಬೀಟರ್ ಸುತ್ತುವ ವೃತ್ತದ ವ್ಯಾಸ 200 ಮಿಲಿಮೀಟರ್ ಇದ್ದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 30 ಮೀಟರ್, ಗಂಟೆಗೆ 108 ಕಿಲೋಮೀಟರ್ ಓಡುವ ಕಾರಿನಷ್ಟು. ಜಿಪ್ಸಂ ಒಡೆಯೋಕೆ ಇದು ಧಾರಾಳ. ಬೀಟರ್ ಹೊಡೆದ ಚೂರು ಡಬ್ಬಿಯ ಗೋಡೆಗೆ ಬಡಿದು ಮತ್ತೆ ಒಡೆಯುತ್ತೆ, ಜಾಲಿಯ ತೂತಿಗಿಂತ ಸಣ್ಣದಾದ ಮೇಲೆ ಹೊರಗೆ ಬೀಳುತ್ತೆ.

ಜಾಲಿಯಲ್ಲೇ ಈ ಯಂತ್ರ ಸೋಲೋದು. ಜೊತೆಗೆ ಕೊಡುವ ಜಾಲಿಗಳು ಸಾಮಾನ್ಯವಾಗಿ ಮಸಾಲೆಯ ಲೆಕ್ಕದವು, 1, 2, 3 ಮಿಲಿಮೀಟರ್ ತೂತಿನವು. 1 ಮಿಲಿಮೀಟರಿನ ಜಾಲಿಯಲ್ಲಿ ಬೀಸಿದ ಜಿಪ್ಸಂ ಬೆರಳಲ್ಲಿ ಉಜ್ಜಿದರೆ ಚಿರೋಟಿ ರವೆ ಮತ್ತು ಮೈದಾ ಬೆರೆಸಿದಂತಿರುತ್ತೆ. ಕಾರ್ನಿಸಿನ ಒಳಮೈಗೆ ಪರವಾಗಿಲ್ಲ, ಮುಖದ ರೆಪ್ಪೆ, ತುಟಿ, ಆಭರಣದ ಸಾಲು ಬರಬೇಕಾದ ಎರಕಕ್ಕೆ ಆಗಲ್ಲ. 0.5 ಮಿಲಿಮೀಟರ್ ಜಾಲಿ ಬೇರೆಯಾಗಿ ಕೇಳಿ ತಗೊಳ್ಳಿ, ಎರಡು ತಗೊಳ್ಳಿ. ಚೂರು ತೂತನ್ನ ನೇರಕ್ಕಲ್ಲ, ಓರೆಯಾಗಿ ದಾಟುತ್ತೆ. ಹಾಗಾಗಿ ಹೊರಬರುವ ಪುಡಿ ತೂತಿಗಿಂತ ಬಹಳ ಸಣ್ಣದು. 0.5ರಲ್ಲಿ ಬಹುಪಾಲು 100 ಮೆಶ್, ಅಂದರೆ 150 ಮೈಕ್ರಾನ್ (0.15 ಮಿಲಿಮೀಟರ್) ತೂತಿನ ಜರಡಿಯಿಂದ ಇಳಿಯುತ್ತೆ. 0.3ರ ಜಾಲಿ ಕೊಡ್ತೀವಿ ಅನ್ನೋರೂ ಇದ್ದಾರೆ. ತೆಳು ತಗಡು, ಒಂದು ಮರಳಿನ ಹರಳು ಸಿಕ್ಕಿಕೊಂಡರೆ ಸೀಳುತ್ತೆ. ಸೀಳಿದ್ದು ಗೊತ್ತಾಗದೆ ನುಚ್ಚು ಕೆಳಗೆ ಬಿದ್ದಿರುತ್ತೆ. ಜಾಲಿಯಿಂದ ನಯ ಹಿಂಡೋ ಆಸೆ ಬಿಟ್ಟು ಜರಡಿಯಿಂದ ಹಿಂಡೋದೇ ವಾಸಿ.

ವೇಗದ ಲೆಕ್ಕ: 0.5 ಜಾಲಿಯಲ್ಲಿ ಒಣಕಲ್ಲಿಗೆ ಗಂಟೆಗೆ 10ರಿಂದ 15 ಕಿಲೋ ಅಂತ ಇಟ್ಟುಕೊಳ್ಳಿ. ಕೆಟಲಾಗಿನಲ್ಲಿ ಬರೆದ ಗಂಟೆಗೆ ಇಷ್ಟು ಕಿಲೋ ಅನ್ನೋದು ದೊಡ್ಡ ಜಾಲಿಯಲ್ಲಿ ಧಾನ್ಯ ಬೀಸಿದ ಲೆಕ್ಕ, ಕಲ್ಲಿಗೆ ಹೊಂದಲ್ಲ.

ಬಟ್ಟೆ ಚೀಲವನ್ನ ಯಾರೂ ಗಮನಿಸಲ್ಲ. ಈ ಯಂತ್ರ ಬೀಸುವ ಜೊತೆಗೆ ಫ್ಯಾನಿನ ಹಾಗೆ ಗಾಳಿಯನ್ನೂ ತಳ್ಳುತ್ತೆ. ಆ ಗಾಳಿ ಚೀಲದ ಮೂಲಕ ಉಸಿರಾಡಬೇಕು. ಕೊಟ್ಟಿರುವ ಒಂದೂವರೆ ಅಡಿ ಚೀಲಕ್ಕೆ ಹಿಟ್ಟಿನ ಧೂಳಾದರೆ ಸಾಕು, ಜಿಪ್ಸಂ ಧೂಳಿಗೆ ಸಾಲದು. ಹತ್ತು ನಿಮಿಷದಲ್ಲಿ ನೇಯ್ಗೆ ಕಟ್ಟಿಕೊಂಡು ಗಾಳಿ ವಾಪಸ್ಸು ಹಾಪರಿನಿಂದ ಉಕ್ಕುತ್ತೆ, ರೂಮೆಲ್ಲ ಬಿಳಿ. ಗಾಳಿ ನಿಂತರೆ ಡಬ್ಬಿ ಕಾಯುತ್ತೆ. ದಪ್ಪ ಹತ್ತಿ ಬಟ್ಟೆಯಲ್ಲಿ ಆರಡಿ ಉದ್ದದ ತೋಳಿನಂತೆ ಹೊಲಿಸಿಕೊಂಡು, ಮೇಲಿನ ತುದಿಯನ್ನ ಕೊಂಡಿಗೆ ತೂಗುಹಾಕಿ, ಕೆಳಗಿನ ತುದಿ ದಾರದಿಂದ ಕಟ್ಟಿ. ಹತ್ತು ನಿಮಿಷಕ್ಕೊಮ್ಮೆ ಮೋಟಾರು ನಿಲ್ಲಿಸಿ ಕೊಡವಿ. ಇಡೀ ಯಂತ್ರಕ್ಕೆ ಮಾಡಬಹುದಾದ ಅತ್ಯಂತ ಅಗ್ಗದ, ಅತ್ಯಂತ ಲಾಭದ ಸುಧಾರಣೆ ಇದು.

ಬಿಸಿಯ ವಿಚಾರದಲ್ಲಿ ಎಚ್ಚರ ಇರಲಿ. ಹಸಿ ಜಿಪ್ಸಂನ ತೂಕದಲ್ಲಿ ಶೇ. 20.9 ಹರಳಿನ ನೀರು. ಬೀಸುವ ಬಿಸಿಗೆ ಅದರಲ್ಲೊಂದು ಪಾಲು ಹೋದರೆ ಹಸಿ ಪುಡಿ ಅರ್ಧಂಬರ್ಧ ಪ್ಲಾಸ್ಟರ್ ಆಗುತ್ತೆ. ಸಿಮೆಂಟ್ ಕಾರ್ಖಾನೆಯಲ್ಲಿ ಗಿರಣಿ ಕಾದು ಜಿಪ್ಸಂ ಹೀಗಾದಾಗಲೇ ಸಿಮೆಂಟ್ ಕಲೆಸಿದ ಕೂಡಲೇ ಬಿಗಿದುಕೊಳ್ಳುವ ಸುಳ್ಳು ಸೆಟ್ಟಿಂಗ್ ಬರೋದು. ಈ ಚಿಕ್ಕ ಯಂತ್ರ ಅಷ್ಟು ಕಾಯಲ್ಲ, ಆದರೆ ಕಟ್ಟಿದ ಚೀಲ, ಗಿಡಿದ ಹಾಪರ್ ಎರಡೂ ಸೇರಿದರೆ ಗ್ಯಾರಂಟಿ ಇಲ್ಲ. ಹೊರಬಿದ್ದ ಪುಡಿಯಲ್ಲಿ ಕೈಯಿಡೋಕೆ ಆಗದಷ್ಟು ಬಿಸಿ ಬಂದರೆ ನಿಲ್ಲಿಸಿ. 15 ನಿಮಿಷ ಓಡಿಸಿ 10 ನಿಮಿಷ ಬಿಡೋದು ಒಳ್ಳೆ ಅಭ್ಯಾಸ. ಕಲ್ಲು ಮುಷ್ಟಿಮುಷ್ಟಿಯಾಗಿ ಹಾಕಿ, ಮೋಟಾರಿನ ದನಿ ತಗ್ಗಿದರೆ ಕೈ ತಡೆಯಿರಿ, ದನಿ ಏರಿದ ಮೇಲೆ ಮತ್ತೆ ಹಾಕಿ.

ಹಸಿ ಪುಡಿಯ ಕಾಟ

ಪ್ಲಾಸ್ಟರ್ ಗಟ್ಟಿಯಾಗೋದು ಹೇಗೆ ಅಂತ ಗೊತ್ತಿದ್ದರೆ ಈ ಕಾಟ ಸುಲಭವಾಗಿ ಅರ್ಥವಾಗುತ್ತೆ. ಹುರಿದ ಪುಡಿ ನೀರಲ್ಲಿ ಕರಗಿ ಮತ್ತೆ ಜಿಪ್ಸಂ ಹರಳಾಗಿ ಬೆಳೆಯುತ್ತೆ. ಸೂಜಿಯಂಥ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಾಗ ಎರಕ ಬಿಗಿಯುತ್ತೆ. ಆ ಹರಳಿಗೆ ಬೀಜ ಬೇಕು. ಹಸಿ ಜಿಪ್ಸಂ ಪುಡಿಯೇ ಅದಕ್ಕೆ ಎಲ್ಲಕ್ಕಿಂತ ಒಳ್ಳೆ ಬೀಜ, ನುಣ್ಣಗಾದಷ್ಟೂ ಚುರುಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಕಿಲೋ ಪ್ಲಾಸ್ಟರಿಗೆ 5 ಗ್ರಾಂ ಬಿದ್ದರೂ ಬಿಗಿಯುವ ಹೊತ್ತು ಕಣ್ಣಿಗೆ ಕಾಣುವಷ್ಟು ಕಮ್ಮಿಯಾಗುತ್ತೆ. ಬೇಕಂತಲೇ ಬೇಗ ಬಿಗಿಸಬೇಕಾದಾಗ ಕಾರ್ಖಾನೆಯವರು ಹಾಕೋದೂ ಇದನ್ನೇ.

ಈಗ ಯಂತ್ರ ಬಿಚ್ಚಿ ನೋಡಿ. ಜಾಲಿಯ ಹಿಂದಿನ ಸಂದು, ಬೀಟರಿನ ಬುಡ, ಶಾಫ್ಟಿನ ಸುತ್ತ, ಮುಚ್ಚಳದ ರಬ್ಬರ್ ಕೆಳಗೆ, ಚೀಲದ ಹೊಲಿಗೆಯಲ್ಲಿ, ಎಲ್ಲ ಕಡೆ ಬಿಳಿ ಪುಡಿ ಗಟ್ಟಿ ಕೂತಿರುತ್ತೆ. ಕೆರೆದು ತೂಗಿದರೆ ಗ್ರಾಂಗಳ ಲೆಕ್ಕದಲ್ಲಿ ಮುಗಿಯಲ್ಲ. ಹಸಿ ಕಲ್ಲು ಬೀಸಿದ ಯಂತ್ರದಲ್ಲೇ ಹುರಿದದ್ದನ್ನ ಇನ್ನೊಮ್ಮೆ ನಯ ಮಾಡೋಣ ಅಂತ ಹಾಕಿದರೆ ಮೊದಲ ಎರಡು ಮೂರು ಕಿಲೋ ಪುಡಿ ಬಕೆಟ್‌ನಲ್ಲಿ ಕಲೆಸುತ್ತಿರುವಾಗಲೇ ಗಂಜಿಯಂತೆ ದಪ್ಪಗಾಗುತ್ತೆ. ಅಚ್ಚಿಗೆ ಸುರಿಯುವಷ್ಟು ಹೊತ್ತೂ ಸಿಗಲ್ಲ. ಇದನ್ನ ನೋಡಿ ಬಹಳ ಜನ ಪುಡಿ ಸರಿಯಿಲ್ಲ ಅಂತ ನೀರು ಹೆಚ್ಚಿಸ್ತಾರೆ. ನೀರು ಹೆಚ್ಚಾದಷ್ಟೂ ಎರಕ ಸೀಮೆಸುಣ್ಣದಂತೆ ಉದುರುತ್ತೆ.

ದಾರಿ ಎರಡು. ಒಳ್ಳೆಯದು: ಯಂತ್ರವನ್ನ ಹಸಿ ಕಲ್ಲಿಗೆ ಮಾತ್ರ ಮೀಸಲಿಡಿ. ಬೀಸಿ, ಜರಡಿ ಹಿಡಿದು, ಆಮೇಲೆ ಹುರಿಯಿರಿ. ಹುರಿದದ್ದು ಮತ್ತೆ ಯಂತ್ರಕ್ಕೆ ಬೇಡ, ಬೇರೆ ಜರಡಿಯಲ್ಲಿ ಗಂಟು ಒಡೆದು ಡಬ್ಬಿಗೆ ಹಾಕಿ. ಎರಡೂ ಬೀಸಲೇಬೇಕಾದರೆ ಬ್ರಷ್ಷು, ವ್ಯಾಕ್ಯೂಮ್ ಎರಡೂ ಹಿಡಿದು ಒಳಗೆ ಕೂತ ಪುಡಿಯನ್ನೆಲ್ಲ ತೆಗೆದು, ಅರ್ಧ ಕಿಲೋ ಹುರಿದ ಪುಡಿ ಓಡಿಸಿ ಅದನ್ನ ಎಸೆಯಿರಿ. ಚೀಲ ಮಾತ್ರ ಬೇರೆಯದ್ದೇ ಇರಲಿ. ಹಸಿಯದ್ದಕ್ಕೆ ಕೆಂಪು ದಾರದ ಹೊಲಿಗೆ ಹಾಕಿಸಿದರೆ ಅದಲುಬದಲಾಗಲ್ಲ. ನೀರಲ್ಲಿ ತೊಳೆಯೋಕೆ ಹೋಗಬೇಡಿ. ಸ್ಟೇನ್‌ಲೆಸ್ ಅಂತ ಮಾರಿದ ಯಂತ್ರದಲ್ಲೂ ಬೀಟರು, ಬೋಲ್ಟು, ವಾಷರು ಮೈಲ್ಡ್ ಸ್ಟೀಲ್ ಇರಬಹುದು. ತೊಳೆದ ಮರುದಿನ ತುಕ್ಕು, ಅದರ ಮರುದಿನ ಬಿಳಿ ಎರಕದ ಮೇಲೆ ಹಳದಿ ಚುಕ್ಕೆ. ಕೊಳ್ಳುವಾಗ ಒಂದು ಅಯಸ್ಕಾಂತ ಜೇಬಲ್ಲಿರಲಿ, ಒಳಭಾಗಗಳಿಗೆ ಹಿಡಿದು ನೋಡಿ. ಬೀಸಿದ ಪುಡಿಯಲ್ಲೂ ಅದೇ ಅಯಸ್ಕಾಂತ ಆಡಿಸಿದರೆ ಕಪ್ಪು ಸಣ್ಣ ಕಣಗಳು ಹತ್ತುತ್ತಾವಾ ಅಂತ ಗೊತ್ತಾಗುತ್ತೆ. ಹತ್ತಿದರೆ ಕಲ್ಲಿನಲ್ಲಿ ಮರಳಿದೆ, ಅದು ಬೀಟರನ್ನ ತಿನ್ನುತ್ತಿದೆ.

ಕಲೆಸುವ ಬಕೆಟ್ಟಿಗೂ ಇದೇ ಮಾತು. ಹಿಂದಿನ ಸಲದ ಗಟ್ಟಿ ಪ್ಲಾಸ್ಟರ್ ಅಂಚಿನಲ್ಲಿ ಉಳಿದಿದ್ದರೆ ಅದೂ ಹೆಪ್ಪೇ. ಮೆತ್ತನೆ ಪ್ಲಾಸ್ಟಿಕ್ ಅಥವಾ ರಬ್ಬರ್ ಬೋಗುಣಿ ಇಟ್ಟುಕೊಂಡರೆ ಮಡಚಿದ ಕೂಡಲೇ ಚೂರು ಬಿಟ್ಟುಕೊಳ್ಳುತ್ತೆ.

ಹುರಿಯೋದು, ತೂಗೋದು

ಯಂತ್ರದ ವಿಮರ್ಶೆಯಲ್ಲಿ ಹುರಿಯೋದು ಯಾಕೆ ಅಂದರೆ, ಬೀಸಿದ ಪುಡಿಯ ಗುಣ ಇಲ್ಲೇ ಬಯಲಾಗೋದು. ಕಾಳುಗಳು ಒಂದೇ ಸಮ ಇದ್ದರೆ ಒಂದೇ ಸಮ ಹುರಿಯುತ್ತೆ. ರವೆಯೂ ಮೈದಾವೂ ಬೆರೆತಿದ್ದರೆ ನುಣ್ಣನೆಯದು ಸೀಯುವ ಹೊತ್ತಿಗೆ ದಪ್ಪ ಕಾಳಿನ ಒಳಗೆ ಹಸಿ ಉಳಿದಿರುತ್ತೆ. ಅದಕ್ಕೇ 100 ಮೆಶ್ ಜರಡಿ ಹುರಿಯುವ ಮುಂಚೆಯೇ ಹಿಡಿಯಬೇಕು.

ಸ್ಟೀಲ್ ತಟ್ಟೆಯಲ್ಲಿ 2 ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಒವನ್‌ನಲ್ಲಿ 150ರಿಂದ 160 ಡಿಗ್ರಿ, ಕಾಲು ಗಂಟೆಗೊಮ್ಮೆ ಕೆದಕುತ್ತಾ ಎರಡರಿಂದ ಮೂರು ಗಂಟೆ. ಒವನ್ನಿನ ಗುಂಡಿಯ ಮೇಲಿನ ಅಂಕಿ ನಂಬಬೇಡಿ, ಪುಡಿಯೊಳಗೆ ಥರ್ಮಾಮೀಟರ್ ಚುಚ್ಚಿ ನೋಡಿ. ಬಾಣಲೆಯಲ್ಲೂ ಆಗುತ್ತೆ, ಆದರೆ ತಳ ಹಿಡಿದು ಸೀದ ಪುಡಿ ಬೆರೆಯುತ್ತೆ. ನೋಡೋಕೆ ಮಾತ್ರ ಬಾಣಲೆಯೇ ಚೆಂದ: ಬಿಸಿ 120 ಡಿಗ್ರಿ ದಾಟುತ್ತಿದ್ದಂತೆ ಒಣ ಪುಡಿ ಪಾಯಸದಂತೆ ಕುದಿಯೋಕೆ ಶುರುವಾಗುತ್ತೆ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಕುಳಿ ಬಿದ್ದು ಆವಿ ಪುಸಪುಸ ಚಿಮ್ಮುತ್ತೆ, ಸೌಟು ನೀರಲ್ಲಿ ಆಡಿದಷ್ಟು ಸಲೀಸಾಗಿ ಆಡುತ್ತೆ. ಕುದಿ ನಿಂತು ಪುಡಿ ಕುಸಿದು ಕೂತಾಗ, ಮೇಲೆ ಹಿಡಿದ ತಣ್ಣನೆ ಸ್ಟೀಲ್ ತಟ್ಟೆಗೆ ಬೆವರು ಬರದಿದ್ದಾಗ ಆಯಿತು ಅಂತ ಲೆಕ್ಕ. ಬಿಸಿ ಏರಿಸುತ್ತಾ ಹೋದರೆ ಮುಂದೆ ಇನ್ನೊಂದು ಕುದಿ ಬರುತ್ತೆ, ಅಲ್ಲಿಗೆ ಹೋಗಬೇಡಿ. ಹರಳಿನಲ್ಲಿ ಉಳಿದ ನೀರೂ ಹೋಗಿ ಪುಡಿ ನೀರು ತಾಗಿದ ಕೂಡಲೇ ಬಿಗಿಯುವಂತಾಗುತ್ತೆ. ಇನ್ನೂ ಕಾದು ಕೆಂಡದ ಕಡೆಗೆ ಹೋದರೆ ಸತ್ತೇ ಹೋಗುತ್ತೆ, ನೀರು ಹಾಕಿದರೂ ಬಿಗಿಯಲ್ಲ.

ಕಣ್ಣಂದಾಜಿಗಿಂತ ತಕ್ಕಡಿ ನಂಬಿ. ಶುದ್ಧ ಜಿಪ್ಸಂ ಕಿಲೋ ಹುರಿದರೆ 157 ಗ್ರಾಂ ಕಮ್ಮಿಯಾಗಬೇಕು, 843 ಗ್ರಾಂ ಉಳಿಯಬೇಕು. ಕಲ್ಲಿನ ಶುದ್ಧತೆ ಗೊತ್ತಿಲ್ಲದಿದ್ದರೆ ಮೊದಲು 100 ಗ್ರಾಂ ಒಣ ಪುಡಿಯನ್ನ 230 ಡಿಗ್ರಿಯಲ್ಲಿ ತೂಕ ಬದಲಾಗದಷ್ಟು ಹೊತ್ತು ಇಡಿ. 20.9 ಗ್ರಾಂ ಹೋದರೆ ಪೂರ್ತಿ ಶುದ್ಧ, 18.8 ಹೋದರೆ ಶೇ. 90. ಆ ಕಲ್ಲಿಗೆ ಕಿಲೋಗೆ 141 ಗ್ರಾಂ ನಷ್ಟ ಸರಿ. ಅದಕ್ಕಿಂತ ಕಮ್ಮಿ ಅಂದರೆ ಒಳಗೆ ಹಸಿ ಉಳಿದಿದೆ, ಅಂದರೆ ಮತ್ತೆ ಅದೇ ಹೆಪ್ಪಿನ ಕಾಟ. ಹೆಚ್ಚು ಅಂದರೆ ಅತಿಯಾಗಿ ಹುರಿದಿದ್ದೀರಿ. ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು.

ಹುರಿದ ಬಿಸಿ ಪುಡಿಯನ್ನ ಆರಿಸಿ, ಒಂದೆರಡು ದಿನ ಬಿಟ್ಟು ಬಳಸಿ. ಅಲ್ಲೊಂದು ಇಲ್ಲೊಂದು ಅತಿ ಹುರಿದ ಕಣಗಳು ಗಾಳಿಯ ತೇವ ಎಳೆದುಕೊಂಡು ಹದಕ್ಕೆ ಬರುತ್ತೆ. ಅದಾದ ಮೇಲೆ ಗಾಳಿಯಾಡದ ಡಬ್ಬಿಗೆ. ಮಳೆಗಾಲದಲ್ಲಿ ತೆರೆದಿಟ್ಟರೆ ಹದವೂ ದಾಟಿ ಹಳಸುತ್ತೆ.

ಈ ಯಂತ್ರ ಮತ್ತು ಒವನ್‌ನಿಂದ ಬರೋದು ಬೀಟಾ ಪ್ಲಾಸ್ಟರ್, ಅಂದರೆ ಸಾಮಾನ್ಯ ಪಿಒಪಿ ಮಾತ್ರ. ಹಲ್ಲಿನ ಡಾಕ್ಟರು ಬಳಸುವ ಡೆಂಟಲ್ ಸ್ಟೋನಿನಂಥ ಗಟ್ಟಿ ಆಲ್ಫಾ ಪುಡಿಗೆ ಆವಿಯ ಒತ್ತಡದಲ್ಲಿ ಬೇಯಿಸಬೇಕು, ಅದನ್ನ ಕೊಳ್ಳೋದೇ ಸರಿ.

ಜರಡಿ, ಮತ್ತೆ ಬಾಲ್ ಮಿಲ್

200 ಮೆಶ್ ಅಂದರೆ 75 ಮೈಕ್ರಾನ್. ಅಚ್ಚಿಗೆ ಮೊದಲು ಬಳಿಯುವ ಮುಖದ ಪದರಕ್ಕೆ, ಗೆಸ್ಸೊಗೆ ಇಷ್ಟು ನಯ ಬೇಕು. ಹಿಂದೆ ತುಂಬುವ ಪದರಕ್ಕೆ 100 ಸಾಕು. ಎಲ್ಲವನ್ನೂ 200ಕ್ಕೆ ಇಳಿಸಿದರೆ ಉತ್ತಮ ಅಂತ ಅಂದುಕೊಳ್ಳೋದು ತಪ್ಪು. ನಯವಾದಷ್ಟೂ ಪುಡಿ ನೀರು ಹೆಚ್ಚು ಕೇಳುತ್ತೆ. 100 ಗ್ರಾಂ ಪ್ಲಾಸ್ಟರಿಗೆ ರಾಸಾಯನಿಕವಾಗಿ ಬೇಕಾದ ನೀರು 18.6 ಗ್ರಾಂ ಅಷ್ಟೇ. 70 ಹಾಕಿದರೆ 51 ಗ್ರಾಂ ಚಿಲ್ಲರೆ ಆಮೇಲೆ ಆರಿಹೋಗಿ ಆ ಜಾಗದಲ್ಲಿ ತೂತು ಬಿಡುತ್ತೆ. 90 ಹಾಕಿದರೆ ತೂತು ಇನ್ನೂ ಹೆಚ್ಚು, ಅಂಚು ಬೆರಳಿಗೆ ಮುರಿಯುತ್ತೆ.

ಸ್ಟೀಲ್ ಮೆಶ್ ಅಡಿ ಲೆಕ್ಕದಲ್ಲಿ ಸಿಗುತ್ತೆ, ಮರದ ಚೌಕಟ್ಟಿಗೆ ಬಿಗಿಸಿಕೊಳ್ಳಿ. 200ರ ಮೇಲೆ ಪುಡಿಯನ್ನ ಕೈಯಿಂದ ಉಜ್ಜಬೇಡಿ, ತಂತಿ ಸರಿದು ತೂತು ಹಿಗ್ಗುತ್ತೆ. ಕೆಳಗಿನಿಂದ ಮೆತ್ತನೆ ಬ್ರಷ್ಷು ಆಡಿಸಿ, ಮೇಲೆ ಉಳಿದದ್ದನ್ನ ಮತ್ತೆ ಹಾಪರಿಗೆ ಹಾಕಿ.

ಬಾಲ್ ಮಿಲ್ (ಒಳಗೆ ಗಟ್ಟಿ ಉಂಡೆಗಳನ್ನ ಹಾಕಿ ತಿರುಗಿಸಿ ಬೀಸುವ ಡ್ರಮ್ಮು) ಹಿಂದೆ ಹೋಗೋರಿಗೆ ಒಂದೆರಡು ಮಾತು. 300 ಮಿಲಿಮೀಟರ್ ವ್ಯಾಸದ ಡ್ರಮ್ಮಿಗೆ ಕ್ರಿಟಿಕಲ್ ವೇಗ, ಅಂದರೆ ಉಂಡೆಗಳು ಕೆಳಗೆ ಬೀಳದೆ ಗೋಡೆಗೇ ಅಂಟಿ ಸುತ್ತುವ ವೇಗ, ನಿಮಿಷಕ್ಕೆ 77 ಸುತ್ತು, ಓಡಿಸಬೇಕಾದದ್ದು 50ರಿಂದ 58. ಉಂಡೆ ಪಿಂಗಾಣಿಯದ್ದೋ ಅಲ್ಯೂಮಿನಾದ್ದೋ ಇರಲಿ, ಕಬ್ಬಿಣದ ಉಂಡೆ ಬಿಳಿಯನ್ನ ಬೂದು ಮಾಡುತ್ತೆ. ನಯದಲ್ಲಿ ಪಲ್ವರೈಸರ್ ಇದರ ಹತ್ತಿರವೂ ಬರಲ್ಲ. ಆದರೆ ಗಂಟೆಗಟ್ಟಲೆ ತಿರುಗಬೇಕು, ಒಣ ಪುಡಿ ಗೋಡೆಗೆ ಹತ್ತಿ ಕೂರುತ್ತೆ, ವಸತಿ ಬೀದಿಯಲ್ಲಿ ಅದರ ಸದ್ದಿಗೆ ಪಕ್ಕದ ಮನೆಯವರು ಬಾಗಿಲು ತಟ್ಟದೆ ಇರಲ್ಲ. ತಿಂಗಳಿಗೆ 20 ಕಿಲೋ ಕೆಲಸಕ್ಕೆ ಬೇಕಿಲ್ಲ.

ಕರೆಂಟು, ಧೂಳು, ನೀರು

ಓಡುವಾಗ 10 ಆಂಪಿಯರ್ ಆಸುಪಾಸು ಎಳೆಯುತ್ತೆ, ಶುರುವಾಗುವ ಕ್ಷಣಕ್ಕೆ ಅದರ ಹಲವು ಪಟ್ಟು. 6 ಆಂಪಿಯರ್ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಓಡಿಸೋ ಸಾಹಸ ಬೇಡ, 16 ಆಂಪಿಯರ್ ಸಾಕೆಟ್ಟೇ ಬೇಕು. ಸಂಜೆ ವೋಲ್ಟೇಜ್ ಇಳಿದಾಗ ಹಾಪರ್ ತುಂಬಿ ಸ್ಟಾರ್ಟ್ ಮಾಡಿದರೆ ಕೆಪಾಸಿಟರ್ ಹೋಗುತ್ತೆ. ಖಾಲಿ ಯಂತ್ರ ಸ್ಟಾರ್ಟ್ ಮಾಡಿ, ಪೂರ್ತಿ ವೇಗ ಬಂದ ಮೇಲೆ ಕಲ್ಲು. ಮೋಟಾರು ಪೂರ್ತಿ ಮುಚ್ಚಿದ, ಹೊರಗೆ ಫ್ಯಾನ್ ಇರುವ ಬಗೆಯದ್ದೇ ಕೇಳಿ. ತೂತಿರುವ ಮೋಟಾರಿನ ವೈಂಡಿಂಗ್ ಮೇಲೆ ಧೂಳು ಕೂತು ಕಾದು ಸುಡುತ್ತೆ. ಬೇರಿಂಗ್ ಎರಡೂ ಬದಿ ರಬ್ಬರ್ ಸೀಲ್ ಇರುವಂಥದ್ದಾಗಿರಲಿ, ಜಿಪ್ಸಂ ಮತ್ತು ಗ್ರೀಸ್ ಸೇರಿದರೆ ಆಗೋದು ಪುಟ್ಟಿ.

ಜಿಪ್ಸಂ ಧೂಳು ವಿಷವಲ್ಲ, ಆದರೆ ಕಲ್ಲಿನ ಜೊತೆ ಬಂದ ಮರಳಿನ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಎನ್95 ಮಾಸ್ಕು, ಕಣ್ಣಿಗೆ ಗಾಗಲ್ ಎರಡೂ ಬೇಕು. ಕರವಸ್ತ್ರ ಕಟ್ಟಿದರೆ ಸಾಲದು. ಜಿಪ್ಸಂ ಬೀಸಿದ ಯಂತ್ರದಲ್ಲಿ ಆಮೇಲೆ ಸಾರಿನಪುಡಿ ಬೀಸೋ ಉಳಿತಾಯದ ಯೋಚನೆಯೂ ಬೇಡ, ಬೀದಿಯ ರಾಗಿ ಗಿರಣಿಯವರ ಹತ್ತಿರ ಕಲ್ಲು ತಗೊಂಡು ಹೋಗೋದಂತೂ ಬೇಡವೇ ಬೇಡ. ಕಲೆಸಿ ಉಳಿದ ಪ್ಲಾಸ್ಟರನ್ನ ಸಿಂಕಿಗೆ ಸುರಿಯಬೇಡಿ, ಪೈಪಿನ ಬಾಗಿನಲ್ಲಿ ಅಚ್ಚಿನಷ್ಟೇ ಚೆನ್ನಾಗಿ ಬಿಗಿಯುತ್ತೆ. ಕೈಯ ಅಚ್ಚು ತೆಗೀತೀವಿ ಅಂತ ಬೆರಳನ್ನ ದಪ್ಪ ಪ್ಲಾಸ್ಟರಿನಲ್ಲಿ ಹುದುಗಿಸೋದೂ ಅಪಾಯ: ಬಿಗಿಯುವಾಗ 60 ಡಿಗ್ರಿಯವರೆಗೂ ಕಾದು ಚರ್ಮ ಸುಡಬಹುದು.

ನೀರು ಕಾವೇರಿಯದ್ದಾದರೆ ಒಳ್ಳೆಯದು. ಬೋರ್‌ವೆಲ್ ನೀರಿನ ಲವಣ ಬಿಗಿಯುವ ಹೊತ್ತನ್ನ ಬದಲಿಸುತ್ತೆ, ಒಣಗಿದ ಎರಕದ ಮೇಲೆ ಬೂಷ್ಟಿನಂಥ ಬಿಳಿ ಉಪ್ಪನ್ನೂ ತರುತ್ತೆ. ಒಂದೇ ಪುಡಿ ಒಂದು ಬಡಾವಣೆಯಲ್ಲಿ ಸರಿ, ಇನ್ನೊಂದರಲ್ಲಿ ಚುರುಕು ಅಂದರೆ ಯಂತ್ರವನ್ನ ಬೈಯುವ ಮುಂಚೆ ನಲ್ಲಿ ನೋಡಿ. ಬಿಗಿಯೋದು ನಿಧಾನ ಆಗಬೇಕಾದರೆ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವ ಸಿಟ್ರಿಕ್ ಆಸಿಡ್ ಕಿಲೋ ಪ್ಲಾಸ್ಟರಿಗೆ ಅರ್ಧ ಗ್ರಾಂನಿಂದ ಶುರು ಮಾಡಿ, ಮೊದಲು ನೀರಲ್ಲಿ ಕರಗಿಸಿ. ಜಾಸ್ತಿಯಾದರೆ ಎರಕ ಮೆತ್ತಗಾಗುತ್ತೆ.

ಅಂಗಡಿಯಲ್ಲಿ ನೋಡೋ ರೀತಿ

ಮೆಣಸಿನಕಾಯಿ ಹಾಕಿ ತೋರಿಸುವ ಡೆಮೊ ನಿಮಗೆ ಪ್ರಯೋಜನಕ್ಕಿಲ್ಲ. ಜಜ್ಜಿ ಒಣಗಿಸಿದ 2 ಕಿಲೋ ಜಿಪ್ಸಂ, ಒಂದು 100 ಮೆಶ್ ಜರಡಿ, ತಕ್ಕಡಿ, ಅಯಸ್ಕಾಂತ ನೀವೇ ತಗೊಂಡು ಹೋಗಿ. 0.5 ಜಾಲಿ ಹಾಕಿಸಿ ಬೀಸಿಸಿ, ಹೊತ್ತು ನೋಡಿ. ಅದರಲ್ಲಿ 100 ಗ್ರಾಂ ಜರಡಿ ಹಿಡಿದು ಮೇಲೆ ಉಳಿದದ್ದು ತೂಗಿ. 25 ಗ್ರಾಂ ಒಳಗಿದ್ದರೆ ತಗೊಳ್ಳಿ, 40 ದಾಟಿದರೆ ಬೀಟರ್ ಮತ್ತು ಜಾಲಿಯ ನಡುವಿನ ಸಂದು ಜಾಸ್ತಿ ಇದೆ, ಬೇರೆ ಪೀಸ್ ಕೇಳಿ. ಮುಚ್ಚಳ ಬಿಚ್ಚೋಕೆ ಸ್ಪ್ಯಾನರ್ ಬೇಕಾ ಅಥವಾ ಕೈ ನಾಬ್ ಸಾಕಾ ನೋಡಿ. ಸ್ಪ್ಯಾನರ್ ಬೇಕಾದ ಯಂತ್ರವನ್ನ ಯಾರೂ ದಿನಾ ಬಿಚ್ಚಿ ಕ್ಲೀನ್ ಮಾಡಲ್ಲ. ಬಿಲ್ಲಿನಲ್ಲಿ ಎರಡು 0.5 ಜಾಲಿ, ಒಂದು ಸೆಟ್ ಬೀಟರ್ ಬರೆಸಿಕೊಂಡ ಮೇಲೆ ದುಡ್ಡು ಕೊಡಿ. ಆಮೇಲೆ ಕಳಿಸ್ತೀವಿ ಸರ್ ಅಂದ ಜಾಲಿ ಬಂದರೂ ಆ ಡಬ್ಬಿಗೆ ಕೂರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ವ್ಯಾಸದಲ್ಲಿ 2 ಮಿಲಿಮೀಟರ್ ವ್ಯತ್ಯಾಸ ಇದ್ದರೂ ಅಂಚಿನಿಂದ ನುಚ್ಚು ಸೋರುತ್ತೆ.